ಆಸಾಡಿಯಲ್ಲಿ ನಂಬರ್ ಹಾಕದ ಕಾರು

ಬೈಂದೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ ಹೊಲಿಯುವುದು ಮುಖ್ಯ ಕೆಲಸ. ಅಂಗಡಿಗೆ ಬರುವ ಹೆಂಗಸರು ಈಗಲೂ ಒಳಗೆ ಕಾಲಿಡುವ ಮೊದಲು ಹೊರಗೆ ನಿಂತ ನನ್ನ ಕಾರನ್ನು ಹಿಂದೆ ಮುಂದೆ ಒಮ್ಮೆ ನೋಡುತ್ತಾರೆ. ಕಾರಿನ ಚಂದ ನೋಡುವುದಕ್ಕಲ್ಲ, ನಂಬರ್ ಪ್ಲೇಟ್ ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ. ನೋಡಲಿ, ಬೇಡ ಎಂದವರು ಯಾರು. ಬೇರೆಯವರ ಕಾರಿಗೆ ಇದೇ ಗತಿ ಬಂದಿದ್ದರೆ ನಾನೂ ಹಾಗೆಯೇ ನಿಂತು ನೋಡುತ್ತಿದ್ದೆ, ಒಳಗೆ ಬಂದು ನಾಲ್ಕು ಮಾತು ಸೇರಿಸಿಯೂ ಆಡುತ್ತಿದ್ದೆ. ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಕಾರಿನ ಮಾತು ಬಂದಾಗ ಮಾತ್ರ ಆ ಬಾಯಿ ಈಗ ಮುಚ್ಚಿಕೊಳ್ಳುತ್ತದೆ.

ಕಾರು ತೆಗೆದುಕೊಂಡದ್ದು ಮದುವೆಗಳ ಕಾಲ ಮುಗಿದು ಮಳೆ ಹಿಡಿಯುವ ಹೊತ್ತಿಗೆ. ಗಂಡ ಮುಂಬೈಯಲ್ಲಿ ಹೋಟೆಲಿನ ಕೆಲಸದಲ್ಲಿದ್ದಾರೆ. ಇಲ್ಲಿ ನಾನು ಮತ್ತು ನನ್ನ ಅಮ್ಮ. ಕಾರಿಗೆ ಗಂಡನ ಹತ್ತಿರ ದುಡ್ಡು ಕೇಳಲಿಲ್ಲ. ಊರಿನ ಮದುವಣಗಿತ್ತಿಯರ ರವಿಕೆ ಹೊಲಿದು ಹೊಲಿದು ಬೆನ್ನು ಬಾಗಿಸಿಕೊಂಡು ಸಂಪಾದಿಸಿದ ಕಾರು ಅದು. ಬಿಳಿ ಬಣ್ಣದ್ದು. ಷೋರೂಮಿನಿಂದ ನೇರ ದೇವಸ್ಥಾನಕ್ಕೆ ಹೋಗಿ, ಚಕ್ರದಡಿ ಲಿಂಬೆಹಣ್ಣು ಇಟ್ಟು, ಪೂಜೆ ಮಾಡಿಸಿ ಮನೆಗೆ ತಂದೆವು. ಸ್ವಂತ ನಂಬರ್ ಆಗಿನ್ನೂ ಬಂದಿರಲಿಲ್ಲ. ತಾತ್ಕಾಲಿಕ ನಂಬರಿನ ಕಾಗದವೊಂದನ್ನು ಗಾಜಿಗೆ ಅಂಟಿಸಿ ಕೊಟ್ಟಿದ್ದರು. ಅದಕ್ಕೊಂದು ಅವಧಿ ಇದೆ, ಅಷ್ಟರಲ್ಲಿ ಪ್ಲೇಟ್ ಬರುತ್ತದೆ, ಫೋನ್ ಮಾಡುತ್ತೇವೆ ಎಂದಿದ್ದರು.

ಫೋನ್ ಬಂದದ್ದು ಆಸಾಡಿಯಲ್ಲಿ. ಆಸಾಡಿ ಎಂದರೆ ನಮ್ಮ ಕಡೆ ಮಳೆ ಕಟ್ಟಿ ಹೊಡೆಯುವ ತಿಂಗಳು. ದೋಣಿಗಳು ದಡದಲ್ಲಿ, ಮದುವೆ ಮುಂಜಿ ಗೃಹಪ್ರವೇಶ ಯಾವುದೂ ಇಲ್ಲ. ಹೊಸದಾಗಿ ಏನನ್ನೂ ಶುರು ಮಾಡುವಂತಿಲ್ಲ. ಅದು ಕಳೆದು ಸೋಣಿ ತಿಂಗಳು ಹುಟ್ಟಿ, ಹೊಸ್ತಿಲ ಪೂಜೆಗೆ ಹೂವು ಬಂದ ಮೇಲೆಯೇ ಒಳ್ಳೆಯ ಕೆಲಸಗಳಿಗೆ ಕೈ ಹಾಕುವುದು. ಪ್ಲೇಟ್ ಬಂದಿದೆ ಎಂದು ಹೇಳಿದ್ದೇ ತಡ, ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು.

"ಆಸಾಡಿಯಂಗ್ ಯಾರಾರೂ ಹೆಸ್ರ್ ಇಡ್ತ್ರಾ ಹೆಣೆ? ಮಕ್ಕಳಿಗಾದ್ರೂ ಅಷ್ಟೇ, ಕಾರಿಗಾದ್ರೂ ಅಷ್ಟೇ. ಆಸಾಡಿ ಕಳೀಲಿ. ಸೋಣಿ ಹುಟ್ಟಿದ್ ದಿನ ಹಾಕ್ಸಿರ್ ಆಯ್ತ್."

ಅಮ್ಮನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಮಾತು ನನಗೂ ಹಿತವಾಗಿಯೇ ಕೇಳಿಸಿತು. ಮೊದಲ ಕಾರು, ಎಲ್ಲವೂ ಒಳ್ಳೆಯ ದಿನದಲ್ಲೇ ಆಗಲಿ ಎಂಬ ಆಸೆ. ಇನ್ನೂ ನಾಚಿಕೆಯ ಸಂಗತಿ ಎಂದರೆ, ಆಸಾಡಿಯಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು ಎನ್ನುವ ಗಿರಾಕಿಗಳಿಗೆ ಬುದ್ಧಿ ಹೇಳುವವಳು ನಾನೇ. "ನೂಲಿಗ್ ಎಂತ ಆಸಾಡಿ ಮಾರಾಯ್ತಿ, ಬಟ್ಟಿ ಕೊಟ್ಟ್ ಹೋಯ್ನಿ" ಎಂದು ತೆಗೆದಿಟ್ಟುಕೊಳ್ಳುತ್ತೇನೆ. ನನ್ನ ಸಂಪಾದನೆಗೆ ಆಸಾಡಿ ಇಲ್ಲ, ಸರ್ಕಾರದ ನಂಬರಿಗೆ ಮಾತ್ರ ಆಸಾಡಿ.

ಷೋರೂಮಿನ ಹುಡುಗಿ ಮತ್ತೆ ಮತ್ತೆ ಫೋನ್ ಮಾಡಿದಳು. ಪ್ಲೇಟ್ ಹಾಕಿಸದೆ ರೋಡಿಗೆ ತರಬೇಡಿ ಮೇಡಂ, ಹಿಡಿದರೆ ಕೇಸಾಗುತ್ತದೆ ಎಂದಳು. ನಾನು ನಕ್ಕೆ. ಹಿಡಿದರೆ ಫೈನ್ ಹಾಕುತ್ತಾರೆ, ಕಟ್ಟಿ ಬರುವುದು, ಅದಕ್ಕಿಂತ ಹೆಚ್ಚೇನು ಆಗಲಿಕ್ಕುಂಟು? ಕಾನೂನು ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ, ರಸ್ತೆ ಬದಿಯಲ್ಲಿ ರಶೀದಿ ಪುಸ್ತಕ ಹಿಡಿದು ನಿಂತ ಪೊಲೀಸು. ಪ್ಲೇಟ್ ಕುಂದಾಪುರದ ಷೋರೂಮಿನಲ್ಲೇ ಉಳಿಯಿತು. ಗಾಜಿಗೆ ಅಂಟಿಸಿದ್ದ ಕಾಗದ ಮಳೆಗಾಲದ ತೇವಕ್ಕೆ ಬಿಟ್ಟುಕೊಂಡು ಬಿದ್ದು ಎಲ್ಲೋ ಸೀಟಿನಡಿ ಸೇರಿತು. ಹಾಗೆ ನನ್ನ ಕಾರು ಹಿಂದೆಯೂ ನಂಬರ್ ಇಲ್ಲದೆ, ಮುಂದೆಯೂ ಇಲ್ಲದೆ, ಖಾಲಿ ಮುಖದಲ್ಲಿ ಊರೆಲ್ಲ ತಿರುಗಿತು.

ಆ ವರ್ಷ ನನ್ನ ಅಣ್ಣನ ಮಗಳನ್ನು ಬ್ರಹ್ಮಾವರಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಹೊಸ ಮದುಮಗಳು ಆಸಾಡಿಯಲ್ಲಿ ತವರಿಗೆ ಬರಬೇಕಲ್ಲ, ಅವಳನ್ನು ಕರೆತರಲು ನಾನೂ ಅಮ್ಮನೂ ಕಾರಿನಲ್ಲಿ ಹೊರಟೆವು. ಹೊಸ ಕಾರನ್ನು ಅವಳ ಗಂಡನ ಮನೆಯ ಅಂಗಳದಲ್ಲಿ ನಿಲ್ಲಿಸಿ ಇಳಿಯಬೇಕು, ಅವಳ ಅತ್ತೆ ನೋಡಬೇಕು ಎನ್ನುವುದೇ ನನ್ನ ತಲೆಯಲ್ಲಿ ಇದ್ದದ್ದು. ಅದಕ್ಕೆಂದೇ ಒಳ್ಳೆಯ ಸೀರೆ ಉಟ್ಟಿದ್ದೆ.

ಕುಂದಾಪುರ ದಾಟಿ ತೆಕ್ಕಟ್ಟೆಯ ಹತ್ತಿರ ಬರುವಾಗ ಮಳೆ ಜೋರಾಯಿತು. ಮುಂದೆ ಹೆಂಚು ತುಂಬಿದ ಒಂದು ಟೆಂಪೊ ಹೋಗುತ್ತಿತ್ತು. ಡಿವೈಡರಿನ ತೆರಪಿನಲ್ಲಿ ಒಬ್ಬರು ಸ್ಕೂಟರ್ ನಿಲ್ಲಿಸಿಕೊಂಡು ರಸ್ತೆ ದಾಟಲು ಕಾಯುತ್ತಿದ್ದರು, ಮೈಮೇಲೆ ಪ್ಲಾಸ್ಟಿಕ್ ಕೋಟು. ಟೆಂಪೊ ಅವರನ್ನು ಬದಿಯಿಂದ ಸವರಿಕೊಂಡು ಹೋಯಿತು. ಸ್ಕೂಟರ್ ಒಂದು ಕಡೆ, ಅವರು ಒಂದು ಕಡೆ. ಟೆಂಪೊದ ಹಿಂದಿನ ಕೆಂಪು ದೀಪ ಒಮ್ಮೆ ಹೊತ್ತಿತು, ನಿಲ್ಲುತ್ತಾನೆ ಎಂದುಕೊಂಡೆ, ನಿಲ್ಲಲಿಲ್ಲ. ಆ ದೀಪದ ಬೆಳಕಿನಲ್ಲಿ ಅದರ ನಂಬರ್ ಕಂಡಿತು. ನನಗೆ ಎಲ್ಲಿ ಅಂಕಿ ಕಂಡರೂ ಅದು ಅಳತೆಯೇ. 3614. ಎದೆ ಮೂವತ್ತಾರು, ಉದ್ದ ಹದಿನಾಲ್ಕು. ಬೈಂದೂರಿನ ಅರ್ಧ ಹೆಂಗಸರ ಅಳತೆ ಅದು, ಹೇಗೆ ಮರೆಯಲಿ?

ಕಾರು ನಿಲ್ಲಿಸಿ ಓಡಿದೆ. ಅವರ ಮೊಣಕಾಲಿನ ಕೆಳಗೆ ನೋಡಲಾಗುತ್ತಿರಲಿಲ್ಲ. ಅಂಗಡಿಗಳಿಂದ ಜನ ಬರುವಷ್ಟರಲ್ಲಿ ಟೆಂಪೊ ಮಳೆಯಲ್ಲಿ ಮಾಯವಾಗಿತ್ತು. ಬಂದವರಿಗೆ ಕಂಡದ್ದು ಬಿದ್ದ ಮನುಷ್ಯ, ಪಕ್ಕದಲ್ಲಿ ನನ್ನ ಕಾರು, ಅಷ್ಟೇ. ಒಬ್ಬ ರಿಕ್ಷಾದವರು ಕೈ ಕೊಟ್ಟರು, ಇಬ್ಬರೂ ಸೇರಿ ಅವರನ್ನು ಹಿಂದಿನ ಸೀಟಿಗೆ ಎತ್ತಿದೆವು. ಅಮ್ಮ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಾರು ತಿರುಗಿಸುವಾಗ ಹಿಂದಿನಿಂದ ಒಬ್ಬರು ಕೂಗಿದ್ದು ಕೇಳಿಸಿತು.

"ಹ್ವಾಯ್, ಇದಕ್ಕೆ ನಂಬ್ರೇ ಇಲ್ಲ್ಯಲೆ."

ಕೇಳಿಸಿತು, ಆದರೆ ಅದರ ಅರ್ಥ ಆಗ ತಲೆಗೆ ಹೋಗಲಿಲ್ಲ. ನನ್ನ ಗಮನವೆಲ್ಲ ಆಸ್ಪತ್ರೆಯ ಮೇಲೆ. ದಾರಿಯಲ್ಲಿ ಆ ಮನುಷ್ಯ ಕಣ್ಣು ತೆರೆದು, ನೋವಿನ ನಡುವೆಯೂ ಸೀಟು ನೋಡಿದರು.

"ಅಕ್ಕ, ಹೊಸ ಕಾರ್ ಕಾಂತ್. ಸೀಟಿಗೆಲ್ಲ ರಕ್ತ ಆತ್ತ್."

"ಅಡ್ಡಿಲ್ಲ ಮಗಾ, ಅಡ್ಡಿಲ್ಲ. ನೀನ್ ಕಣ್ಣ್ ಮುಚ್ಬೇಡ" ಎಂದಳು ಅಮ್ಮ.

ಅಡ್ಡಿಲ್ಲ ಎನ್ನುವುದು ನಮ್ಮ ಕಡೆ ಎಲ್ಲದಕ್ಕೂ ಆಗುವ ಮಾತು. ಊಟ ಹೇಗಿತ್ತು ಎಂದರೆ ಅಡ್ಡಿಲ್ಲ. ಕಾಲು ತುಳಿದವರಿಗೆ ಅಡ್ಡಿಲ್ಲ. ಇನ್ನೊಂದು ದೋಸೆ ಹಾಕಲಾ ಎಂದರೆ, ಹಾಕಿ ಎನ್ನುವುದಕ್ಕೂ ಅದೇ, ಬೇಡ ಎನ್ನುವುದಕ್ಕೂ ಅದೇ. ಆಡಿದವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ಅಮ್ಮನ ಅಡ್ಡಿಲ್ಲ ಕೇಳಿ ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಕುಂದಾಪುರದ ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಬೆಂಚಿನ ಮೇಲೆ ಕುಳಿತೆವು. ಅವರು ಗಾರೆ ಕೆಲಸದವರು ಎಂದು ದಾರಿಯಲ್ಲಿ ಹೇಳಿದ್ದರು, ಗೋಡೆ ಕಟ್ಟುವುದು, ಸಾರಣೆ ಮಾಡುವುದು. ಅಟ್ಟಣಿಗೆ ಏರಿ ನಿಲ್ಲುವ ಕಾಲು ಅದು. ಅಮ್ಮನ ಸೀರೆ ತುಂಬ ರಕ್ತ. ಆ ಹೊತ್ತಿನಲ್ಲಿ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆ ಇತ್ತೆಂದರೆ ಸುಳ್ಳಲ್ಲ. ನಿಲ್ಲಿಸದೆ ಹೋದವನೆಲ್ಲಿ, ನಿಲ್ಲಿಸಿದ ನಾನೆಲ್ಲಿ ಎಂದು.

ಪೊಲೀಸರೊಬ್ಬರು ಬಂದರು. ಬೇರೆ ಜಿಲ್ಲೆಯ ಕಡೆಯವರು, ಮಾತು ನಿಧಾನ. ನಾನು ಎದ್ದು ನಿಂತು ಒಂದೇ ಉಸಿರಿಗೆ ಹೇಳಿದೆ, ಹೆಂಚಿನ ಟೆಂಪೊ, ನಂಬರ್ ಮೂವತ್ತಾರು ಹದಿನಾಲ್ಕು, ಬ್ರಹ್ಮಾವರದ ಕಡೆಗೆ ಹೋಯಿತು, ಬೇಗ ಹಿಡಿಯಿರಿ ಎಂದು.

"ಅದು ಇರಲಿ ಮೇಡಂ. ಮೊದಲು ನಿಮ್ಮ ಗಾಡಿ ನಂಬರ್ ಹೇಳಿ."

ಬಾಯಿ ತೆರೆದೆ. ಓಡಿಹೋದ ಟೆಂಪೊದ ನಂಬರ್ ನಾಲಿಗೆಯ ತುದಿಯಲ್ಲಿದೆ, ನನ್ನ ಸ್ವಂತ ಕಾರಿನ ನಂಬರ್ ನನಗೇ ಗೊತ್ತಿಲ್ಲ. ಮೊಬೈಲಿಗೆ ಬಂದಿದ್ದ ಮೆಸೇಜನ್ನು ಒಮ್ಮೆ ನೋಡಿ ಬಿಟ್ಟವಳು ಮತ್ತೆ ತೆಗೆದು ನೋಡಿರಲಿಲ್ಲ. ಸೋಣಿಯಲ್ಲಿ ಹಾಕಿಸುವಾಗ ನೋಡಿದರಾಯಿತು ಎಂದಿದ್ದೆ. ಒದ್ದೆ ಕೈಯಲ್ಲಿ ಮೊಬೈಲ್ ತಡಕಾಡುತ್ತ ನಿಂತೆ. ಪೊಲೀಸರು ನನ್ನ ಮುಖವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಆ ಮನುಷ್ಯನ ಹೆಂಡತಿ ಬಂದರು, ನೆರೆಮನೆಯ ಒಬ್ಬರ ಜೊತೆ. ನೆರೆಯವರ ಮೊಬೈಲಿನಲ್ಲಿ ನನ್ನ ಕಾರಿನ ಹಿಂಬದಿಯ ಫೋಟೊ. ತೆಕ್ಕಟ್ಟೆಯಲ್ಲಿ ಯಾರೋ ತೆಗೆದು ಕಳಿಸಿದ್ದರು. ನಂಬರ್ ಇರಬೇಕಾದ ಜಾಗ ಬೋಳು.

"ಇದೇ ಕಾರ್ ಅಲ್ದಾ?" ಹೆಂಡತಿ ಆ ಫೋಟೊವನ್ನು ನನ್ನ ಮುಖಕ್ಕೆ ಹಿಡಿದರು. "ಗುದ್ದಿ, ಈಗ್ಳ್ ಒಳ್ಳೇರ್ ಹಾಂಗೆ ಕೂಕಂಡಿದ್ರಿ."

ನನಗೆ ಮೈಯೆಲ್ಲ ಉರಿದು ಹೋಯಿತು. "ಬಾಯ್ ಸಮ ಇಟ್ಕಣಿ. ಗುದ್ದಿದ್ದ್ ನಾನಾದ್ರೆ ಆಸ್ಪತ್ರಿಗ್ ಎಂತಕ್ಕ್ ತತ್ತಿದ್ದೆ?" ಎಂದೆ. ಆಸ್ಪತ್ರೆಯೆಂಬುದೂ ನೆನಪಿಲ್ಲದೆ ಕೂಗಿಬಿಟ್ಟೆ.

ಅವರು ಕೂಗಲಿಲ್ಲ. "ಹಂಗಾರೆ ನಂಬ್ರ್ ಎಂತಕ್ಕ್ ತೆಗ್ದ್ರಿ?" ಎಂದು ಕೇಳಿದರು.

ತೆಗೆದದ್ದಲ್ಲ, ಹಾಕಿಯೇ ಇರಲಿಲ್ಲ. ಯಾಕೆ ಹಾಕಿರಲಿಲ್ಲ? ಆಸಾಡಿ ಎಂದು. ಗಂಡನ ಕಾಲು ಜಜ್ಜಿಹೋಗಿ ಒಳಗೆ ಮಲಗಿರುವಾಗ ಹೊರಗೆ ನಿಂತ ಹೆಂಗಸಿಗೆ ಈ ಉತ್ತರ ಕೊಡಬೇಕಿತ್ತು. ಅಮ್ಮನ ಕಡೆ ತಿರುಗಿದೆ. ಅಮ್ಮ ತಲೆ ತಗ್ಗಿಸಿ ರಕ್ತದ ಸೆರಗನ್ನು ಮಡಚುತ್ತ ಕುಳಿತಿದ್ದಳು.

ಪೊಲೀಸರು ನನ್ನನ್ನು ಬದಿಗೆ ಕರೆದು ಮೆತ್ತಗೆ ಹೇಳಿದರು. "ನೋಡಿ ಮೇಡಂ, ಅಪಘಾತ ಆದವರನ್ನು ಆಸ್ಪತ್ರೆಗೆ ತಂದವರಿಗೆ ತೊಂದರೆ ಕೊಡಬಾರದು ಅಂತ ಕಾನೂನೇ ಇದೆ. ಆದರೆ ನೀವು ತಂದವರೋ ಗುದ್ದಿದವರೋ ನಮಗೆ ಹೇಗೆ ಗೊತ್ತಾಗಬೇಕು? ನಂಬರ್ ಇಲ್ಲದ ಗಾಡಿ, ಕದ್ದದ್ದೂ ಇರಬಹುದು. ನಾಳೆ ನೀವು ಮನೆಗೆ ಹೋಗಿ ಅದನ್ನು ಎಲ್ಲೋ ಇಟ್ಟುಬಿಟ್ಟರೆ ನಾವು ಯಾವುದನ್ನು ಹುಡುಕಬೇಕು?"

ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಆ ಸಂಜೆ ಗಾಯಗೊಂಡವರ ಹೆಂಡತಿ ಕೊಟ್ಟ ದೂರಿನಲ್ಲಿ, ನಂಬರ್ ಇಲ್ಲದ ಬಿಳಿ ಕಾರು ಗುದ್ದಿದೆ ಎಂದೇ ಬರೆಸಿದರು. ಅವರನ್ನು ನಾನು ದೂರುವುದಿಲ್ಲ. ಜನ ಕಂಡದ್ದನ್ನು ಹೇಳಿದರು, ಅವರು ಕೇಳಿದ್ದನ್ನು ಬರೆಸಿದರು. ಕಾರು ಠಾಣೆಗೆ ಹೋಯಿತು. ನಾನೂ ಅಮ್ಮನೂ ಬಸ್ಸಿನಲ್ಲಿ ಬೈಂದೂರಿಗೆ ಬಂದೆವು. ಒಳ್ಳೆಯ ಸೀರೆ ಉಟ್ಟವಳು ಒಬ್ಬಳು, ರಕ್ತದ ಸೀರೆಯವಳು ಒಬ್ಬಳು. ಬಸ್ಸಿನವರೆಲ್ಲ ನೋಡುತ್ತಿದ್ದರು. ಬ್ರಹ್ಮಾವರದಲ್ಲಿ ಅಣ್ಣನ ಮಗಳು ಬ್ಯಾಗ್ ಕಟ್ಟಿಕೊಂಡು ಕಾದು ಕಾದು ಕೊನೆಗೆ ಫೋನ್ ಮಾಡಿದಳು. ಅವಳ ಅತ್ತೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾರೆ ಎಂದು ಗೊತ್ತಿದ್ದೂ ಎಲ್ಲ ಹೇಳಬೇಕಾಯಿತು. "ಪೊಲೀಸ್ ಸ್ಟೇಷನ್ನಿಗಾ?" ಎಂದು ಆ ಅತ್ತೆ ಹಿಂದಿನಿಂದ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಮರುದಿನದಿಂದ ಅಂಗಡಿಯಲ್ಲಿ ಬೇರೆ ಮಾತಿಲ್ಲ. ಎಂದೂ ಬಾರದವರು ರವಿಕೆಯ ಹುಕ್ಕು ಹಾಕಿಸಲು ಬಂದರು.

"ಕಾರ್ ಎಲ್ಲಿ ಅಕ್ಕ, ಕಾಂತಿಲ್ಲೆ?"

"ಸರ್ವೀಸಿಗೆ ಕೊಟ್ಟಿದೆ" ಎಂದೆ ಮೊದಲನೆಯವರಿಗೆ. ಅವರು ತುಟಿ ಬಿಗಿಹಿಡಿದು ನಗು ನುಂಗಿದ್ದು ಕಂಡು ಗೊತ್ತಾಯಿತು, ಇವರಿಗೆಲ್ಲ ಆಗಲೇ ಸುದ್ದಿ ಮುಟ್ಟಿದೆ. ಆಮೇಲೆ ಸುಳ್ಳು ಹೇಳುವುದನ್ನೂ ಬಿಟ್ಟೆ.

ಕಾರು ಠಾಣೆಯ ಅಂಗಳದಲ್ಲಿ, ಬಳ್ಳಿ ಹಬ್ಬಿದ ಹಳೆ ಸ್ಕೂಟರುಗಳ ನಡುವೆ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ವಾಹನ ನಿರೀಕ್ಷಕರು ಬಂದು ಪರೀಕ್ಷೆ ಮಾಡಿದರು. ಮುಂದೆ ಹಿಂದೆ ಬದಿಯಲ್ಲಿ ಎಲ್ಲೂ ಒಂದು ಗೀರೂ ಇರಲಿಲ್ಲ, ಈ ಗಾಡಿ ಯಾರಿಗೂ ತಾಗಿದ್ದಲ್ಲ ಎಂದು ಬರೆದುಕೊಟ್ಟರು. ಪೊಲೀಸರು ನನ್ನ ಮಾತು ನಂಬಿದರು. ಆದರೆ ನಂಬರ್ ಇಲ್ಲದೆ ಓಡಿಸಿದ್ದಕ್ಕೆ ದಂಡ, ಪ್ಲೇಟ್ ಹಾಕದೆ ಗಾಡಿ ಹೊರಗೆ ಬಿಡುವುದಿಲ್ಲ. ಷೋರೂಮಿನವರನ್ನು ಬೇಡಿಕೊಂಡು ಠಾಣೆಯ ಅಂಗಳಕ್ಕೇ ಕರೆಸಿ ಹಾಕಿಸಿದೆ. ಅದೂ ಯಾವ ದಿನ? ಆಸಾಡಿ ಅಮಾಸಿಯ ದಿನ. ಊರಿನವರೆಲ್ಲ ಸಮುದ್ರ ಸ್ನಾನಕ್ಕೆ ಹೋಗಿದ್ದರು. ಆಸಾಡಿಯಲ್ಲಿ ಬೇಡ ಎಂದು ಕಾದು ಕುಳಿತ ನಾಮಕರಣ ಅಮಾಸಿಯ ದಿನವೇ, ಪೊಲೀಸರ ಎದುರಿಗೇ ಆಯಿತು.

ಮನೆಗೆ ಬಂದ ಮೇಲೆ ಅಮ್ಮ ಬಾಗಿಲಲ್ಲೇ ನಿಂತು, "ನಂದೇ ತಪ್ಪ್ ಹೆಣೆ, ನಾ ಹೇಳದಿದ್ರೆ ನೀ ಹಾಕ್ಸ್ತಿದ್ದೆ" ಎಂದಳು.

"ಹೌದ್, ನಿಂದೇ" ಎಂದುಬಿಟ್ಟೆ. ಸಿಟ್ಟಿನಲ್ಲಿ ಅಂದದ್ದು. ಅವಳು ಒಳಗೆ ಹೋಗಿ ಸೀಟಿನ ಕಲೆ ಒರೆಸಲು ಬಕೆಟಿನಲ್ಲಿ ನೀರು ತಂದಳು. ಆ ವಯಸ್ಸಿನಲ್ಲಿ ಕಾರಿನೊಳಗೆ ಬಗ್ಗಿ ಕುಳಿತು ಉಜ್ಜಿದಳು. ನಾನು ನೋಡುತ್ತ ನಿಂತೆ, ಬೇಡ ಎನ್ನಲೂ ಇಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನನ್ನ ಮಾನ ಹೋದದ್ದಷ್ಟೇ ಲೆಕ್ಕ. ಊರು ನಗುತ್ತಿತ್ತು, ಮರೆಯುತ್ತಿತ್ತು. ಆದರೆ ಪೊಲೀಸರು ನನ್ನ ಕಾರನ್ನು ಪರೀಕ್ಷೆ ಮಾಡುತ್ತಿದ್ದ ದಿನಗಳಲ್ಲಿ ಆ ಟೆಂಪೊವನ್ನು ಯಾರೂ ಹುಡುಕಿರಲಿಲ್ಲ. ನಂತರ ನಾನು ಹೇಳಿದ ನಂಬರ್ ಹಿಡಿದು ಹೋಗಿ ಕಂಡುಹಿಡಿಯುವಷ್ಟರಲ್ಲಿ ಅದರ ಬದಿಯ ತಗಡು ಬಡಿದು, ಹೊಸ ಬಣ್ಣ ಹಚ್ಚಿ ಆಗಿತ್ತು. ಓಡಿಸುತ್ತಿದ್ದವನು ಒಂದೇ ಮಾತು ಹಿಡಿದ. ನಾನು ಗುದ್ದಿಲ್ಲ, ನಂಬರ್ ಇಲ್ಲದ ಕಾರು ಗುದ್ದಿದ್ದು, ಅವರ ಹೆಂಡತಿಯೇ ದೂರಿನಲ್ಲಿ ಬರೆಸಿದ್ದಾರೆ, ಓದಿ ನೋಡಿ.

ಆ ಮನುಷ್ಯನ ಕಾಲನ್ನು ಕತ್ತರಿಸಲಿಲ್ಲ, ಆದರೆ ಅದು ಮೊದಲಿನ ಕಾಲಾಗಿ ಉಳಿಯಲಿಲ್ಲ. ಅಟ್ಟಣಿಗೆ ಏರುವುದು ನಿಂತುಹೋಯಿತು. ಗುದ್ದಿದ ಗಾಡಿಯ ವಿಮೆಯಿಂದ ಪರಿಹಾರ ಬಂದರೆ ಒಂದು ಸಣ್ಣ ಅಂಗಡಿ ಹಾಕಿ ಕುಳಿತುಕೊಂಡೇ ಬದುಕಬಹುದು ಎಂದು ಗಂಡ ಹೆಂಡತಿ ಅಂದುಕೊಂಡಿದ್ದರು. ಟೆಂಪೊ ಗುದ್ದಿದ್ದು ಎಂದು ರುಜುವಾತಾದರೆ ತಾನೇ ಅದು ಬರುವುದು? ಬದಿಯಿಂದ ತಾಗಿದ್ದು ಯಾವ ಗಾಡಿ ಎಂದು ಬಿದ್ದವರಿಗೇ ತಿಳಿದಿರಲಿಲ್ಲ. ಕಂಡವರು ಇಬ್ಬರೇ, ನಾನು ಮತ್ತು ಅಮ್ಮ. ಅಮ್ಮನಿಗೆ ಕಣ್ಣು ಮಂಜು. ಹಾಗಾಗಿ ಅವರ ಬದುಕೆಲ್ಲ ಬಂದು ನನ್ನ ಬಾಯಿಯ ಮೇಲೆ ನಿಂತಿತು.

ಅವರ ಹೆಂಡತಿಯೇ ಅಂಗಡಿಗೆ ಬಂದು ಕೇಳಿದರು. ಆಸ್ಪತ್ರೆಯ ದಿನದ ಮಾತನ್ನು ಎತ್ತಲಿಲ್ಲ. "ಕೋರ್ಟಂಗೆ ಒಂದ್ ಮಾತ್ ಹೇಳ್ಕಲೆ ಅಕ್ಕ. ನೀವ್ ಕಂಡದ್ದ್ ಹೇಳಿರ್ ಸಾಕ್" ಎಂದರು. ಹೇಳುತ್ತೇನೆ ಎಂದೆ. ಖಂಡಿತ ಹೇಳುತ್ತೇನೆ, ಯಾರಪ್ಪನ ಹೆದರಿಕೆ ನನಗೆ ಎಂದೆ. ಅವರನ್ನು ಕೂರಿಸಿ ಚಹಾ ತರಿಸಿದೆ.

ಕುಂದಾಪುರದ ಕೋರ್ಟಿನಲ್ಲಿ ಸಾಕ್ಷಿಯ ಕಟಕಟೆ ಹತ್ತಿದಾಗ ಹಿಂದಿನ ಬೆಂಚಿನಲ್ಲಿ ಆ ಮನುಷ್ಯ ಕೋಲು ಹಿಡಿದು ಕುಳಿತಿದ್ದರು, ಪಕ್ಕದಲ್ಲಿ ಹೆಂಡತಿ. ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಆಮೇಲೆ ವಿಮೆಯ ಕಡೆಯ ವಕೀಲರು ಎದ್ದರು. ಬಹಳ ಮರ್ಯಾದೆಯ ಮನುಷ್ಯ, ದನಿ ಏರಿಸಲೇ ಇಲ್ಲ.

"ಟೆಂಪೊದ ನಂಬರ್ ಇಷ್ಟು ಖಚಿತವಾಗಿ ಹೇಗೆ ನೆನಪಿದೆಯಮ್ಮ?"

"ಅಳತೆ ಸಾರ್. ಎದೆ ಮೂವತ್ತಾರು, ಉದ್ದ ಹದಿನಾಲ್ಕು."

ಯಾರೋ ನಕ್ಕರು. ವಕೀಲರು ನಗಲಿಲ್ಲ.

"ಆ ದಿನ ನಿಮ್ಮ ಕಾರಿನಲ್ಲಿ ನಂಬರ್ ಪ್ಲೇಟ್ ಇತ್ತೇ?"

"ಇರಲಿಲ್ಲ."

"ನಂಬರ್ ಬಂದಿರಲಿಲ್ಲವೇ?"

"ಬಂದಿತ್ತು."

"ಪ್ಲೇಟ್ ಎಲ್ಲಿತ್ತು?"

"ಷೋರೂಮಿನಲ್ಲಿ."

"ಬಂದು ಹಾಕಿಸಿಕೊಳ್ಳಿ ಎಂದು ಅವರು ಹೇಳಿದ್ದರೇ?"

"ಹೇಳಿದ್ದರು."

"ಮತ್ತೇಕೆ ಹಾಕಿಸಲಿಲ್ಲ?"

ಸುಳ್ಳು ಹೇಳಲೇ ಎಂದು ಒಂದು ಗಳಿಗೆ ಅನ್ನಿಸಿತು. ಪುರುಸೊತ್ತಾಗಲಿಲ್ಲ ಎಂದಿದ್ದರೆ ಆಗುತ್ತಿತ್ತೋ ಏನೋ. ಹಿಂದಿನ ಬೆಂಚು ನೋಡಿದೆ, ಪ್ರಮಾಣ ಮಾಡಿದ್ದು ನೆನಪಾಯಿತು.

"ಆಸಾಡಿ ಅಂತ."

ಈ ಸಲ ಎಲ್ಲರೂ ನಕ್ಕರು. ನ್ಯಾಯಾಧೀಶರು ಕೈ ಎತ್ತಿದ ಮೇಲೆ ನಿಂತಿತು. ಬದಿಯಲ್ಲಿ ಕುಳಿತವರು ಬೆರಳಚ್ಚು ಮಾಡುತ್ತಿದ್ದರು, ಕೋರ್ಟಿನ ಕನ್ನಡದಲ್ಲಿ ಅದನ್ನು ಗಟ್ಟಿಯಾಗಿ ಓದಿದರು. "ಆಷಾಢ ಮಾಸವೆಂಬ ಕಾರಣಕ್ಕೆ ನಾನು ನನ್ನ ಕಾರಿಗೆ ನಂಬರ್ ಫಲಕ ಹಾಕಿಸಿರಲಿಲ್ಲ ಎಂದರೆ ಸರಿ." ನಾನು ಆಡಿದ್ದಕ್ಕಿಂತ ಅವರು ಓದಿದ್ದಕ್ಕೇ ಹೆಚ್ಚು ನಾಚಿಕೆಯಾಯಿತು. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನನಗೆ ನಿಜವಾಗಿ ಹಾಗೆ ಅನ್ನಿಸಿದ್ದು ಅಂದೇ.

"ನಿಮ್ಮ ಕಾರಿನ ನಂಬರನ್ನು ಆ ದಿನ ಪೊಲೀಸರು ಕೇಳಿದಾಗ ನಿಮಗೆ ಹೇಳಲು ಬರಲಿಲ್ಲ ಎಂದರೆ ಸರಿಯೇ?"

"ಸರಿ."

"ನಿಮ್ಮ ನಂಬರ್ ನಿಮಗೆ ಗೊತ್ತಿಲ್ಲ. ಮಳೆಯಲ್ಲಿ ಓಡುವ ಬೇರೆಯವರ ನಂಬರ್ ಗೊತ್ತು. ನೀವೇ ಗುದ್ದಿ, ಅದನ್ನು ಮುಚ್ಚಿಹಾಕಲು ಟೆಂಪೊದ ಹೆಸರು ಹೇಳುತ್ತಿದ್ದೀರಿ ಎಂದರೆ?"

"ಸರಿಯಲ್ಲ" ಎಂದೆ. ಜೋರಾಗಿಯೇ ಹೇಳಬೇಕೆಂದಿದ್ದೆ. ದನಿಯೇ ಹೊರಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳನ್ನೆಲ್ಲ ಗದರುವ ಬಾಯಿ ಅದು, ಅಲ್ಲಿ, ಬೇಕಾದ ಹೊತ್ತಿಗೆ, ಪಿಸುಗುಟ್ಟಿತು. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳಿದ ಸತ್ಯ ನನಗೇ ಸುಳ್ಳಿನ ಹಾಗೆ ಕೇಳಿಸಿತು.

ಸ್ವಲ್ಪ ಕಾಲದ ಮೇಲೆ ಆ ಗಂಡ ಹೆಂಡತಿ ಲೋಕ ಅದಾಲತ್ತಿನಲ್ಲಿ ವಿಮೆಯವರ ಜೊತೆ ರಾಜಿಯಾದರು. ಅಂದು ನಾನೂ ಹೋಗಿದ್ದೆ, ಯಾರೂ ಕರೆದಿರಲಿಲ್ಲ. ಅವರ ವಕೀಲರು ವರಾಂಡದಲ್ಲಿ ಸಿಕ್ಕಿದಾಗ ಕೇಳಿದೆ. ಪೂರ್ತಿ ನಡೆಸಿದ್ದರೆ ಏನೂ ಸಿಗದೆ ಹೋಗುವ ಸಂಭವ ಇತ್ತು, ಮೊದಲ ದೂರಿನಲ್ಲೇ ನಂಬರ್ ಇಲ್ಲದ ಕಾರು ಎಂದಿದೆ, ಸಾಕ್ಷಿಯೂ ಅದೇ ಕಾರಿನವರು, ಹಾಗಾಗಿ ವಿಮೆಯವರು ಕೊಟ್ಟಷ್ಟಕ್ಕೆ ಒಪ್ಪಿದೆವು ಎಂದರು. ನನ್ನನ್ನು ಬೈಯಲಿಲ್ಲ. ಪ್ಲೇಟ್ ಇದ್ದಿದ್ದರೆ ಎಂದು ಕೇಳಿದೆ. ಅವರು ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು, "ಇದ್ದಿದ್ದರೆ ನಿಮ್ಮಷ್ಟು ಒಳ್ಳೆಯ ಸಾಕ್ಷಿ ಬೇರೆ ಇರಲಿಲ್ಲ" ಎಂದು ಹೇಳಿ ಒಳಗೆ ಹೋದರು.

ಅಂಗಡಿ ಹಾಕುವಷ್ಟು ಸಿಗಲಿಲ್ಲವಂತೆ. ಆಸ್ಪತ್ರೆಯ ಸಾಲಕ್ಕೆ ಸರಿಹೋಯಿತಂತೆ. ಇದನ್ನು ಹೇಳಿದ್ದು ಆ ಮನುಷ್ಯನ ಹೆಂಡತಿ. ಹೇಳಿ, ನನ್ನ ಎರಡೂ ಕೈ ಹಿಡಿದುಕೊಂಡು, "ನೀವ್ ಆ ದಿನ ನಿಲ್ಸದಿದ್ರೆ ಇವ್ರ್ ಉಳಿತೇ ಇರ್ಲಿಲ್ಲ ಅಕ್ಕ. ನಾ ಅಂದದ್ದೆಲ್ಲ ಮನ್ಸಿಗ್ ಹಾಕ್ಕಂಬೇಡಿ" ಎಂದರು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನಿಂತೆ.

ಹೊರಗೆ ಮಳೆ ಹನಿಯುತ್ತಿತ್ತು. ನನ್ನ ಕಾರು ಗೇಟಿನ ಪಕ್ಕದಲ್ಲೇ ಇತ್ತು, ಮುಂದೆ ಹಿಂದೆ ಹೊಳೆಯುವ ನಂಬರ್. ತೆಕ್ಕಟ್ಟೆವರೆಗೆ ಬಿಟ್ಟು ಬರುತ್ತೇನೆ, ಕುಳಿತುಕೊಳ್ಳಿ ಎಂದು ಹಿಂದಿನ ಬಾಗಿಲು ತೆರೆದೆ. ಅಮ್ಮ ಎಷ್ಟು ಉಜ್ಜಿದರೂ ಆ ಸೀಟಿನ ಅಂಚಿನಲ್ಲಿ ಒಂದು ಕಂದು ಕಲೆ ಉಳಿದಿದೆ. ಆ ಮನುಷ್ಯ ಕೋಲೂರಿ ನಿಂತು ಅದನ್ನು ನೋಡಿದರು, ಬಗ್ಗಿ ನಂಬರ್ ಪ್ಲೇಟನ್ನೂ ನೋಡಿದರು.

"ಅಡ್ಡಿಲ್ಲ ಅಕ್ಕ. ಬಸ್ಸಂಗೇ ಹೋತೆ" ಎಂದರು.

ನಮ್ಮೂರಿನ ಮಾತು ಅದು, ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಬಸ್ಸು ಬಂತು. ಮೆಟ್ಟಿಲು ಹತ್ತಲು ಹೆಂಡತಿಯೂ ಕಂಡಕ್ಟರೂ ಸೇರಿ ಅವರನ್ನು ಎತ್ತಬೇಕಾಯಿತು. ಬಸ್ಸು ಹೋದ ಮೇಲೆ ನಾನು ತೆರೆದಿದ್ದ ಬಾಗಿಲನ್ನು ಹಾಕಿ, ಒಬ್ಬಳೇ ಬೈಂದೂರಿಗೆ ಬಂದೆ.